ಜೆಸಿಬಿ ಕಾಕಾ

ಮುಂಬಯಿಯಲ್ಲಿ ಹಳೆ ಬಿಲ್ಡಿಂಗ್ ಕೆಡವುವಲ್ಲೆಲ್ಲ ನಾಲ್ವರು ಇದ್ದೇ ಇರುತ್ತಾರೆ: ಸೂಪರ್‌ವೈಸರ್, ವಾಚ್‌ಮನ್, ಚಹಾದ ಹುಡುಗ, ಮತ್ತು ಮೊಬೈಲ್ ಎತ್ತಿ ಹಿಡಿದ ಒಬ್ಬ ನಿವೃತ್ತ. ನಮ್ಮ ಮುಲುಂಡಿನ ನಿವೃತ್ತರಿಗೆ ಜೆಸಿಬಿ ಕಾಕಾ ಎಂದೇ ಹೆಸರು. ಮೂಲ ಧಾರವಾಡ. ಬ್ಯಾಂಕಿನಲ್ಲಿದ್ದಷ್ಟು ಕಾಲ ಲೆಡ್ಜರಿಗಿಂತ ಭಾರದ್ದನ್ನು ಎತ್ತಿದವರಲ್ಲ. ಈಗ ‘ಹೊಸಬರಿಗಾಗಿ’ ಯಂತ್ರಗಳ ವಿಡಿಯೊ ಮಾಡುತ್ತಾರೆ.

ಪಾಠ ಶುರುವಾಗುವುದು ತಗಡಿನ ಬೇಲಿಯ ತೂತಿನಿಂದ. ಮೊದಲ ಮೂರು ನಿಮಿಷ ಕಾಕಾರ ಮುಖ, ಆಮೇಲೆ ಅವರ ಬೆರಳು, ಕೊನೆಗೆ ಯಂತ್ರ. “ಹಳದಿ ಇದ್ದದ್ದೆಲ್ಲಾ ಜೆಸಿಬಿ ಅಲ್ರಿ. ಟಾಯರ್ ಮ್ಯಾಲೆ ನಿಂತು, ಮುಂದೊಂದು ಹಿಂದೊಂದು ಬಕೆಟ್ ಇದ್ರ ಜೆಸಿಬಿ. ಚೈನ್ ಮ್ಯಾಲೆ ಹರಿದಾಡಿದ್ರ ಪೋಕ್ಲೇನ್.” ಜೆಸಿಬಿ ಕಂಪನಿ ಚೈನಿನ ಯಂತ್ರವನ್ನೂ ಮಾಡುತ್ತದಲ್ಲ ಎಂದು ಯಾರಾದರೂ ಕೇಳಿದರೆ, “ಅದು ಎರಡನೇ ಭಾಗದಾಗ ಬರ್ತದ” ಅನ್ನುತ್ತಾರೆ. ಎರಡನೇ ಭಾಗ ಈವರೆಗೆ ಬಂದಿಲ್ಲ.

ಕಿತ್ತಳೆ ಬಣ್ಣದ ಟಾಟಾ ಹಿಟಾಚಿ ಕಂಡರಂತೂ ಕಾಕಾರ ಗಂಟಲು ಕಟ್ಟುತ್ತದೆ. “ನಮ್ಮ ಧಾರವಾಡದ ಫ್ಯಾಕ್ಟರಿ ಕೂಸು!” ಆ ಕಂಪನಿಗೆ ಖರಗ್‌ಪುರದಲ್ಲೂ ಕಾರ್ಖಾನೆ ಇದೆ, ಆದರೆ ಕಾಕಾರ ಲೆಕ್ಕದಲ್ಲಿ ಮುಂಬಯಿಗೆ ದುಡಿಯಲು ಬಂದದ್ದೆಲ್ಲ ಧಾರವಾಡದ್ದೇ, ಅವರ ಹಾಗೆ.

ಕಾಣುವ ಯಂತ್ರವನ್ನು ಯಾರು ಬೇಕಾದರೂ ತೋರಿಸಿಯಾರು. ಕೋಸ್ಟಲ್ ರೋಡಿನ ಸುರಂಗ ಕೊರೆಯಲು 2021ರ ಜನವರಿಯಲ್ಲಿ 12.19 ಮೀಟರ್ ವ್ಯಾಸದ ‘ಮಾವಳಾ’ ಯಂತ್ರ ಪ್ರಿಯದರ್ಶಿನಿ ಪಾರ್ಕಿನ ಕಡೆಯಿಂದ ಹೊರಟು, ಮಲಬಾರ್ ಹಿಲ್‌ನ ಕೆಳಗೆ ಹಾದು, ಸುಮಾರು ಒಂದು ವರ್ಷಕ್ಕೆ ಗಿರಗಾಂವ್ ಚೌಪಾಟಿಯಲ್ಲಿ ತಲೆ ಎತ್ತಿತು. ಆ ನಡುವೆ ಕಾಕಾ ಮಲಬಾರ್ ಹಿಲ್‌ನ ಒಂದು ಖಾಲಿ ಫುಟ್‌ಪಾತಿನ ಮೇಲೆ ಇಡೀ ಪಾಠ ಮುಗಿಸಿದರು. “ಕಾಣಂಗಿಲ್ಲ, ಆದ್ರ ಕೆಲಸ ನಡದದ.” ದೃಶ್ಯದಲ್ಲಿದ್ದದ್ದು ಅವರ ಚಪ್ಪಲಿ ಮತ್ತು ಒಂದು ನಾಯಿ.

ಅಂಧೇರಿಯ ಗೋಖಲೆ ಸೇತುವೆ ಅವರ ಸುಗ್ಗಿ. 2024ರ ಫೆಬ್ರುವರಿಯಲ್ಲಿ ಹೊಸ ಸೇತುವೆಯ ಒಂದು ಪಾಲು ತೆರೆದಾಗ, ಪಕ್ಕದ ಬರ್ಫಿವಾಲಾ ಫ್ಲೈಓವರು ಅದಕ್ಕೆ ಕೂಡದೆ ಆಳೆತ್ತರದಷ್ಟು ಕೆಳಗೆ ಉಳಿದಿತ್ತು. ಊರೆಲ್ಲ ನಕ್ಕಿತು. ಕಾಕಾ ಮಾತ್ರ ನಗಲಿಲ್ಲ. ಸೇತುವೆ ಸರಿಯಾಗಿ ಕೂಡಿದ್ದರೆ, ಫ್ಲೈಓವರನ್ನೇ ಹೈಡ್ರಾಲಿಕ್ ಜ್ಯಾಕ್ ಇಟ್ಟು ಮೇಲೆತ್ತುವುದನ್ನು ಹೊಸಬರಿಗೆ ತೋರಿಸುವುದು ಹೇಗೆ?

ಮಳೆಗಾಲದಲ್ಲಿ ತರಗತಿ ಅಡುಗೆಮನೆಗೆ ಬರುತ್ತದೆ. ಎರಡು ಕೈಯಲ್ಲಿ ಎರಡು ಲಟ್ಟಣಿಗೆ. ಎಡಗೈಯದು ಪಕ್ಕಕ್ಕೆ ಸರಿದರೆ ಪೋಕ್ಲೇನ್ ಸುತ್ತುತ್ತದೆ, ಹಿಂದೆ ಮುಂದೆ ಆದರೆ ಅದರ ಮೊಣಕೈ ಮಡಚುತ್ತದೆ. ಬಲಗೈಯದು ಹಿಂದೆ ಮುಂದೆ ಆದರೆ ಬೂಮ್ ಏರಿಳಿಯುತ್ತದೆ, ಪಕ್ಕಕ್ಕೆ ಸರಿದರೆ ಬಕೆಟ್ ತುಂಬುತ್ತದೆ, ಚೆಲ್ಲುತ್ತದೆ. ಇಷ್ಟು ಮಾತ್ರ ಪಕ್ಕಾ ಸರಿ, ಒಪ್ಪಬೇಕು. “ಬಕೆಟ್ ತುಂಬಿತಲ್ಲ? ಈಗ ಇಲ್ಲಿ ಕೊಡ್ರಿ, ಚಪಾತಿ ಆಗಬೇಕು” ಎಂದು ಕಾಕು ಎರಡೂ ಲಟ್ಟಣಿಗೆ ಕಸಿದುಕೊಳ್ಳುವುದೂ ವಿಡಿಯೊದಲ್ಲಿದೆ. ಅದನ್ನು ತೆಗೆಯುವುದು ಕಾಕಾರಿಗೆ ಗೊತ್ತಿಲ್ಲ.

ನಿಜವಾದ ಯಂತ್ರದ ಕ್ಯಾಬಿನ್ನಿನಲ್ಲಿ ಕೂತ ಬಿಹಾರದ ಹುಡುಗ ಈ ಪಾಠ ಕೇಳಿ ಕಲಿತವನಲ್ಲ. ಹೆಲ್ಪರ್ ಆಗಿ ಸೇರಿ, ಪಿನ್ನುಗಳಿಗೆ ಗ್ರೀಸ್ ಹೊಡೆದು, ಡೀಸೆಲ್ ತುಂಬಿ, ಉಸ್ತಾದ ಊಟಕ್ಕೆ ಇಳಿದಾಗ ಕದ್ದು ಲಿವರ್ ಹಿಡಿದವನು. ಮುಂಬಯಿಯ ಕರಿಕಲ್ಲಿಗೆ ಬ್ರೇಕರ್ ಕೊಟ್ಟು ಠಕಠಕ ಅನ್ನಿಸುವಾಗ ಅವನಿಗೆ ಬೇಲಿಯಾಚೆಯ ಗುರುಗಳ ಮಾತು ಒಂದಕ್ಷರವೂ ಕೇಳುವುದಿಲ್ಲ. ಕಾಕಾ ಕೈ ಬೀಸಿ ಸೂಚನೆ ಕೊಡುತ್ತಾರೆ. ಅವನೂ ಕೈ ಬೀಸುತ್ತಾನೆ: ದೂರ ಹೋಗಿ ಎಂದು.

ಹಾಗಾದರೆ ಈ ಹೊಸಬರು ಯಾರು? ಹೋದ ತಿಂಗಳು ಗೊತ್ತಾಯಿತು. ಮೂರನೇ ಮಹಡಿಯ ಉಡುಪಿ ಕಡೆಯ ಸೊಸೆ ಲಿಫ್ಟಿನಲ್ಲಿ ಕಾಕಾರನ್ನು ಹಿಡಿದಳು. “ಅಂಕಲ್, ನಮ್ಮ ಪುಟ್ಟನಿಗೆ ನಿಮ್ಮ ಜೆಸಿಬಿ ಹಾಕದಿದ್ರೆ ಒಂದು ತುತ್ತೂ ಇಳಿಯುವುದಿಲ್ಲ.” ಕಾಕಾ ಅರಳಿದರು. “ಆದ್ರೆ ಬೇಜಾರು ಮಾಡ್ಬೇಡಿ, ನಿಮ್ಮ ಮುಖ ಬಂದ ಕೂಡ್ಲೇ ಅಳ್ತಾನೆ. ಸ್ವಲ್ಪ ಬರೀ ಮಶೀನ್ ಮಾತ್ರ ತೋರಿಸ್ಲಿಕ್ಕೆ ಆಗ್ತದಾ?”

ಕಾಕಾ ಗಂಭೀರವಾಗಿ ಯೋಚಿಸಿದರು. ನೆಲಮಹಡಿ ಬಂತು.

“ವಯಸ್ಸೆಷ್ಟು ಅವಂಗ?”

“ಎರಡು.”

“ಹಂಗಾದ್ರ ಥಿಯರಿ ಈಗ ಬ್ಯಾಸರ ಆಗೂದ ಖರೆ” ಎಂದು ಕಾಕಾ ಹೊರಬಿದ್ದರು. “ನಾಲ್ಕಕ್ಕ ಬರ್ಲಿ, ಆಮ್ಯಾಲೆ ರೂಢಿ ಆಗ್ತದ.”