ಬೀರುವಿನೊಳಗಿನ ಸ್ಮಾರ್ಟ್ ಕೋಲಿಗೆ ನಿರ್ಣಾದಿಂದ ಬಹಿರಂಗ ಪತ್ರ

ಗೆ,
ಶ್ರೀಮಾನ್ ಸ್ಮಾರ್ಟ್ ಕೋಲು ಅವರು,
ಪ್ರಾಜೆಕ್ಟ್ ಬೀರು, ಕೆಳಗಿನ ಖಾನೆ,
ರಾಜ್ಯದ ಯಾವುದೇ ಇಂಜಿನಿಯರಿಂಗ್ ಕಾಲೇಜು.

ವಿಷಯ: ಅಂಧರಿಗೆ ದಾರಿ ತೋರಲೆಂದು ಹುಟ್ಟಿದ ತಾವು ಬೀರುವಿನಿಂದ ಹೊರಬರುವ ಬಗ್ಗೆ.

ಮಾನ್ಯರೇ,

ಬೀದರ್ ಜಿಲ್ಲೆಯ ನಿರ್ಣಾದಿಂದ ನಮಸ್ಕಾರ. ತಾಲ್ಲೂಕು ಮೊದಲು ಹುಮನಾಬಾದ್ ಇತ್ತು, ಈಗ ಚಿಟಗುಪ್ಪ. ಉತ್ತರ ಬರೆಯುವ ಮನಸ್ಸಾದರೆ ಗಮನದಲ್ಲಿರಲಿ.

ತಾವು ವರ್ಷವರ್ಷವೂ ಅಂತಿಮ ಸೆಮಿಸ್ಟರ್‌ನಲ್ಲಿ ಅವತರಿಸುತ್ತೀರಿ. ಪಿವಿಸಿ ಪೈಪಿನ ಮೈ, ಆರ್ಡುಯಿನೊ ತಲೆ, ಅಲ್ಟ್ರಾಸಾನಿಕ್ ಕಣ್ಣು, ಒಂದು ಬಜರ್. ವೈವಾ ದಿನ ಕಣ್ಣು ಚೆನ್ನಾಗಿಯೇ ಇರುವ ವಿದ್ಯಾರ್ಥಿಯೊಬ್ಬ ಕರವಸ್ತ್ರ ಕಟ್ಟಿಕೊಂಡು ಪರೀಕ್ಷಕರ ಟೇಬಲ್ ತನಕ ನಡೆಯುತ್ತಾನೆ. ತಾವು ಬೀಪ್ ಎನ್ನುತ್ತೀರಿ, ಅಂಕ ಬೀಳುತ್ತದೆ, ಸಂಜೆಗೇ ತಮಗೆ ನಿವೃತ್ತಿ. ಅಂಧರೊಬ್ಬರ ಕೈಯನ್ನೂ ಮುಟ್ಟದೆ ಸೇವೆ ಮುಗಿಸಿದ ಕೀರ್ತಿ ತಮ್ಮದು.

ತಮ್ಮ ದೃಷ್ಟಿಯ ಬಗ್ಗೆ ತಕರಾರಿಲ್ಲ. ಶಬ್ದ ಕಳಿಸಿ, ಪ್ರತಿಧ್ವನಿ ಕೇಳಿ, 2 ಸೆಂಟಿಮೀಟರ್‌ನಿಂದ 4 ಮೀಟರ್ ತನಕ ದೂರ ಅಳೆಯುವ ವಿದ್ಯೆ ಸಣ್ಣದಲ್ಲ. ಆದರೆ ನೆಟ್ಟಗೆ ಮುಂದಕ್ಕೇ ನೋಡುವವರಿಗೆ ಕಾಲಬುಡದ ಗಟಾರ ಕಾಣುವುದು ಹೇಗೆ? ಸಾದಾ ಬಿಳಿ ಕೋಲು ನೆಲ ತಟ್ಟಿ ಅದನ್ನು ಪತ್ತೆಹಚ್ಚುತ್ತದೆ, ಬ್ಯಾಟರಿಯನ್ನೂ ಕೇಳುವುದಿಲ್ಲ. ಇನ್ನು ಓಣಿಯಲ್ಲಿ ಎಮ್ಮೆ ಎದುರಾದರೆ ತಾವು ಬೀಪ್ ಅನ್ನುವ ಮೊದಲೇ ಅದು ತಾನು ಬಂದಿದ್ದನ್ನು ಹೇಳಿಬಿಟ್ಟಿರುತ್ತದೆ.

ತಮ್ಮ ಕುಲದಲ್ಲೇ ಹಿರಿಯರೊಬ್ಬರಿದ್ದಾರೆ: ಐಐಟಿ ದೆಹಲಿಯ ಸ್ಮಾರ್ಟ್‌ಕೇನ್. ಅವರೂ ವಿದ್ಯಾರ್ಥಿಗಳ ಪ್ರಾಜೆಕ್ಟಾಗಿಯೇ ಹುಟ್ಟಿದವರು, ಪ್ರೊ. ಎಂ. ಬಾಲಕೃಷ್ಣನ್ ಬೆನ್ನಿಗೆ ನಿಂತರು, ವಿದ್ಯಾರ್ಥಿ ರೋಹನ್ ಪಾಲ್ ಪದವಿ ಮುಗಿದರೂ ಕೈಬಿಡಲಿಲ್ಲ. ಅಂಧರ ಕೈಗೆ ಹೋಗಿ, ಅವರ ಮಾತು ಕೇಳಿ, ತಿದ್ದಿಸಿಕೊಂಡು, ವರ್ಷಗಟ್ಟಲೆ ಕಾದು 2014ರಲ್ಲಿ ಹೊರಬಂದರು. ಬಿಳಿ ಕೋಲನ್ನು ಓಡಿಸುವ ಗರ್ವ ಅವರಿಗಿಲ್ಲ; ಅದರ ಹಿಡಿಗೇ ಜೋಡಿಯಾಗಿ, ನೆಲದ ಕೆಲಸ ಕೋಲಿಗೇ ಬಿಟ್ಟು, ಕೋಲಿಗೆ ತಾಗದ ಮೊಣಕಾಲಿನ ಮೇಲಿನ ಅಡ್ಡಿಗಳನ್ನು 3 ಮೀಟರ್ ದೂರದಿಂದಲೇ ತಿಳಿಸುತ್ತಾರೆ. ಅದೂ ಕೈಗೆ ತಾಗುವ ಕಂಪನದಿಂದ. ಕಿವಿಯನ್ನೇ ನಂಬಿ ನಡೆಯುವವರ ಪಕ್ಕದಲ್ಲಿ ಅರಚಬಾರದೆಂಬ ಸೌಜನ್ಯವಾದರೂ ಅವರಿಂದ ಕಲಿಯಬಹುದು.

ತಮ್ಮ ಜನಕರಿಗೆ ಪುರುಸೊತ್ತಿಲ್ಲ ಎನ್ನಬೇಡಿ. ವಿಟಿಯು ವಿದ್ಯಾರ್ಥಿಗಳು ಪಾಠದ ಜತೆ 100 ಚಟುವಟಿಕೆ ಅಂಕ ಗಳಿಸಲೇಬೇಕು. ಎನ್ನೆಸ್ಸೆಸ್‌ಗೆ ಸೇರಿದವರಿಗೆ ವರ್ಷಕ್ಕೆ 120 ಗಂಟೆ ಸೇವೆ, ಮೇಲೆ 7 ದಿನದ ಹಳ್ಳಿ ಶಿಬಿರ. ಗಂಟೆಗಳಿಗೆ ಬರವಿಲ್ಲ; ಗುಡಿಯ ಅಂಗಳ ಗುಡಿಸಿ, ಗಿಡ ನೆಟ್ಟು, ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಳ್ಳುವುದರಲ್ಲೇ ಅವು ಕರಗುತ್ತವೆ.

ಕೆಲಸವಂತೂ ರಾಶಿ ಬಿದ್ದಿದೆ. 2016ರ ಕಾಯ್ದೆ ಅಂಗವೈಕಲ್ಯದ ಬಗೆಗಳನ್ನು 7ರಿಂದ 21ಕ್ಕೆ ಏರಿಸಿತು, ಉನ್ನತ ಶಿಕ್ಷಣದಲ್ಲಿ ಶೇ 5ರಷ್ಟು ಸೀಟು ಕೊಟ್ಟಿತು. ಅದನ್ನು ಕೇಳಬೇಕಾದರೆ ಮೊದಲು ಪ್ರಮಾಣಪತ್ರ ಬೇಕು, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಬೇಕು. ರಿಯಾಯಿತಿ ಬಸ್ ಪಾಸ್‌ಗೆ ಸೇವಾ ಸಿಂಧು ಜಾಲತಾಣ. ಒಟಿಪಿ ಬರುವ ಫೋನು ಮಗನ ಜತೆ ಹೈದರಾಬಾದಿನಲ್ಲಿದ್ದರೆ ಅರ್ಜಿ ಅಲ್ಲಿಗೇ ನಿಂತಿತು; ಜತೆ ಕೂತು ಮುಗಿಸಿಕೊಡುವವರು ಬೇಕು. ಅಂಗವಿಕಲರ ತ್ರಿಚಕ್ರ ವಾಹನದ ಬ್ರೇಕ್ ಸರಿಪಡಿಸಲು ಮೆಕ್ಯಾನಿಕಲ್ ವಿಭಾಗದವರು ಸಾಕು. ಕಂಪ್ಯೂಟರ್ ಸೈನ್ಸ್‌ನವರು ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಹಾಕಿಕೊಟ್ಟರೆ, ಇ-ಸ್ಪೀಕ್ ದನಿಯಲ್ಲಿ ಅದು ಪರದೆಯ ಮೇಲಿನ ಕನ್ನಡ ಓದಿ ಹೇಳುತ್ತದೆ. ಏನೂ ಬಾರದವರು, ನಿಯಮ ಒಪ್ಪುವ ಕಡೆ, ಪರೀಕ್ಷೆಯಲ್ಲಿ ಲಿಪಿಕಾರರಾಗಿ ಕೂರಬಹುದು. ಪರೀಕ್ಷಾರ್ಥಿಗೆ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಸಿಗುತ್ತದೆ, ಬರೆಯುವವರ ಅಕ್ಷರ ದುಂಡಗಿದ್ದರೆ ಒಳ್ಳೆಯದು.

ಇದಾವುದಕ್ಕೂ ಪ್ರದರ್ಶನದಲ್ಲಿ ಮೊದಲ ಬಹುಮಾನ ಬರುವುದಿಲ್ಲ, ನಿಜ.

ಯಾರ ಮನೆಯಲ್ಲಿ ಏನು ಬೇಕೆಂದು ತಿಳಿಯಲು ಸೆನ್ಸರ್ ಬೇಡ. ಗ್ರಾಮ ಪಂಚಾಯ್ತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿರುತ್ತಾರೆ. ಮುಂದಿನ ಶಿಬಿರಕ್ಕೆ ಹೊರಡುವ ವಿದ್ಯಾರ್ಥಿಗಳು ಗುದ್ದಲಿ ಹಿಡಿಯುವ ಮುಂಚೆ ಈ ಕಾರ್ಯಕರ್ತರನ್ನು ಕಾಣಲಿ, ಅವರ ಜತೆ ಮನೆಮನೆಗೆ ಹೋಗಲಿ. ಬರುವಾಗ ತಮ್ಮನ್ನೂ ಕರೆತರಲಿ, ಬ್ಯಾಟರಿ ಬದಲಿಸಿಕೊಂಡು.