ಮರಳಗಾಲ ಸೂತ್ರ

ಪರಮಾಣು ವಿಜ್ಞಾನಕ್ಕೆ ಮಂಡ್ಯ ಜಿಲ್ಲೆಯ ಕಾಣಿಕೆ ಒಂದು ಭಾಗಾಕಾರ. ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ–ಅಲ್ಲಾಪಟ್ಟಣದ ನೆಲದಲ್ಲಿ 14,100 ಟನ್ ಲಿಥಿಯಂ ಇದೆ ಎಂದು 2020ರ ಫೆಬ್ರವರಿಯಲ್ಲಿ ದೇಶದ ಪತ್ರಿಕೆಗಳೆಲ್ಲ ಬರೆದವು. ಮಂಡ್ಯ ಇನ್ನು ಸಕ್ಕರೆ ನಾಡಲ್ಲ, ಬ್ಯಾಟರಿ ನಾಡು ಎಂದು ನಾವೂ ಮೀಸೆ ತಿರುವಿದೆವು. ಮರುವರ್ಷ ಸರ್ಕಾರ ಅಧಿಕೃತ ಲೆಕ್ಕ ಹೇಳಿತು. ನೆಲ ಶೋಧಿಸಿದ ಪರಮಾಣು ಇಂಧನ ಇಲಾಖೆಯ ಖನಿಜ ನಿರ್ದೇಶನಾಲಯದ ಪ್ರಕಾರ ಅಲ್ಲಿರುವುದು 1,600 ಟನ್. ಅದೂ ಅಂದಾಜು. ಹೇಳಿದ್ದನ್ನು ಒಂಬತ್ತರಿಂದ ಭಾಗಿಸಿದರೆ ಸಿಗುವಷ್ಟೇ ನಮ್ಮ ಪಾಲು ಎಂಬ ಈ ಲೆಕ್ಕಕ್ಕೆ ಮರಳಗಾಲ ಸೂತ್ರ ಎಂದು ಹೆಸರಿಡೋಣ.

ಈಗ ದೊಡ್ಡ ಲೆಕ್ಕಕ್ಕೆ ಬನ್ನಿ. 2047ಕ್ಕೆ 1 ಲಕ್ಷ ಮೆಗಾವಾಟ್ ಅಣು ವಿದ್ಯುತ್ ಎಂದು 2025ರ ಕೇಂದ್ರ ಬಜೆಟ್ ಸಾರಿದೆ. ಹವಾಮಾನ ಕೆಟ್ಟಿದ್ದಕ್ಕೆ ಇದೇ ಮದ್ದಂತೆ. ಈಗ ದೇಶದಲ್ಲಿರುವುದು ಸುಮಾರು 8,800 ಮೆಗಾವಾಟ್. ಸೂತ್ರ ಹಾಕಿದರೆ 2047ಕ್ಕೆ ಆಗುವುದು 11,100. ಇದು ಕೊಂಕು ಎನ್ನುವವರು ಹಳೆಯ ಜಾತಕ ತೆಗೆದು ನೋಡಲಿ. 2000ನೇ ಇಸವಿಗೆ 43,500 ಮೆಗಾವಾಟ್ ಎಂದಿದ್ದರು, ಬಂದದ್ದು 2,700ರ ಆಸುಪಾಸು. 2020ಕ್ಕೆ 20,000 ಎಂದರು, ಬಂದದ್ದು 6,780. 2032ಕ್ಕೆ 63,000 ಎಂದವರು 2018ರ ಹೊತ್ತಿಗೆ 22,480ಕ್ಕೆ ಇಳಿದಿದ್ದರು. ಒಮ್ಮೆ ಹದಿನಾರರಿಂದ, ಇನ್ನೆರಡು ಸಲ ಮೂರರಿಂದ ಭಾಗಿಸಬೇಕು. ಒಂಬತ್ತರ ಮರಳಗಾಲ ಇವುಗಳ ನಡುವೆ ನಿಂತ ಸಜ್ಜನ.

ನ್ಯಾಯವಾಗಿ ಒಂದು ಮಾತು ಒಪ್ಪಬೇಕು. ಅಣು ವಿದ್ಯುತ್ ಹೊಗೆ ಉಗುಳುವುದಿಲ್ಲ, ಇಂಗಾಲದ ಲೆಕ್ಕದಲ್ಲಿ ಅದು ಗಾಳಿಯಂತ್ರಕ್ಕೆ ಸರಿಸಾಟಿ. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿ ವಿಶ್ವದಾಖಲೆ ಮಾಡಿತು. ಪರಿಸರವಾದಿಗಳೂ ಹಾಲಿನಲ್ಲಿ ತೊಳೆದವರಲ್ಲ. ಜರ್ಮನಿಯಲ್ಲಿ ಕಲ್ಲಿದ್ದಲು ಇನ್ನೂ ಉರಿಯುತ್ತಿರುವಾಗಲೇ 2023ರ ಏಪ್ರಿಲ್ 15ರಂದು ಕೊನೆಯ ಮೂರು ರಿಯಾಕ್ಟರ್‌ಗಳಿಗೆ ಬೀಗ ಜಡಿಸಿ ಸಂಭ್ರಮಿಸಿದವರು ಅವರೇ. ಆದರೆ ಹೊಗೆ ಇಲ್ಲ ಎಂಬ ಒಂದೇ ಗುಣಕ್ಕೆ ಮಾರುಹೋಗಿ ಉಳಿದದ್ದನ್ನು ಕೇಳಬಾರದು ಎಂದರೆ, ಅದು ವಿಜ್ಞಾನವಲ್ಲ, ಹೆಣ್ಣು ನೋಡುವ ಶಾಸ್ತ್ರದಲ್ಲಿ ಸೋದರಮಾವ ಆಡುವ ಮಾತು.

ಕೇಳಬೇಕಾದ ಮೊದಲ ಪ್ರಶ್ನೆ ಸಮಯದ್ದು. ಹವಾಮಾನ ತುರ್ತು ಎನ್ನುತ್ತೀರಿ. ಕೈಗಾದ 5 ಮತ್ತು 6ನೇ ಘಟಕಗಳಿಗೆ ಕೇಂದ್ರ ಸಂಪುಟ ಒಪ್ಪಿದ್ದು 2017ರಲ್ಲಿ. ಇವತ್ತಿಗೂ ಅವುಗಳಿಂದ ಒಂದು ಬಲ್ಬು ಹೊತ್ತಿಲ್ಲ. 2018ರಲ್ಲಿ ಉದ್ಘಾಟನೆಯಾದ ಪಾವಗಡದ ಸೋಲಾರ್ ಪಾರ್ಕ್ ಮರುವರ್ಷದ ಕೊನೆಗೆ 2,050 ಮೆಗಾವಾಟ್ ಮುಟ್ಟಿತ್ತು. ಬೆಂಕಿ ಬಿದ್ದ ಮನೆಗೆ ಮೂವತ್ತು ವರ್ಷದ ಬಾವಿ ಯೋಜನೆ ಹಾಕಿಕೊಂಡು ಬಂದವರನ್ನು ಅನುಮಾನಿಸಿದರೆ ಪರಿಸರವಾದಿ ವಿಜ್ಞಾನ ವಿರೋಧಿ!

ಎರಡನೆಯದು ನೀರು. ಹರಿಯಾಣದ ಗೋರಖಪುರದಲ್ಲಿ ಕಟ್ಟುತ್ತಿರುವ 2,800 ಮೆಗಾವಾಟ್ ಸ್ಥಾವರಕ್ಕೆ ಕಾಲುವೆಯಿಂದ 320 ಕ್ಯೂಸೆಕ್ ಗೊತ್ತುಮಾಡಿದ್ದಾರೆ. ಬೆಳಿಗ್ಗೆ ಎದ್ದ ಕೂಡಲೇ ಕೆಆರ್‌ಎಸ್ ಮಟ್ಟ ನೋಡಿ ಆಮೇಲೆ ಮುಖ ತೊಳೆಯುವ ಜನ ನಾವು. 320 ಕ್ಯೂಸೆಕ್ ಎಂದರೆ ಏನೆಂದು ನಮಗೆ ಬಿಡಿಸಿ ಹೇಳಬೇಕಿಲ್ಲ. 2022ರ ಬೇಸಿಗೆಯಲ್ಲಿ ನದಿಗಳು ಬಿಸಿಯಾಗಿ ಫ್ರಾನ್ಸ್ ತನ್ನ ರಿಯಾಕ್ಟರ್‌ಗಳ ಉತ್ಪಾದನೆ ತಗ್ಗಿಸಬೇಕಾಯಿತು. ಸೆಖೆಗೆ ಕೊಟ್ಟ ಮದ್ದು ಸೆಖೆಗೇ ಸುಸ್ತಾಯಿತು.

ಮೂರನೆಯದು ಕಾವಲು. ಬಳಸಿದ ಇಂಧನದಲ್ಲಿರುವ ಪ್ಲುಟೋನಿಯಂ ಅರ್ಧದಷ್ಟಾಗಲು 24,000 ವರ್ಷ ಬೇಕು. ಅಷ್ಟು ಕಾಲ ಕಾಯುತ್ತೇವೆ ಎನ್ನುವ ವ್ಯವಸ್ಥೆಯ ಹತ್ತಿರದ ಸಾಧನೆ ನೋಡಲು ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟಕ್ಕೆ ಹೋಗಿ. ಅಲ್ಲಿ ಕ್ವಾರಿ ಸಿಡಿಸಿದರೆ ಕನ್ನಂಬಾಡಿ ಕಟ್ಟೆ ಅದುರುತ್ತದೋ ಇಲ್ಲವೋ ಎಂದು ಸರ್ಕಾರಗಳು ವರ್ಷಗಟ್ಟಲೆ ಪರೀಕ್ಷೆ, ಪತ್ರ, ಪ್ರತಿಪತ್ರ ನಡೆಸಿದವು. ಕೊನೆಗೆ 2024ರ ಜನವರಿಯಲ್ಲಿ ಹೈಕೋರ್ಟ್ ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ಗಣಿಗಾರಿಕೆ ನಿಲ್ಲಿಸಿ ಎನ್ನಬೇಕಾಯಿತು. ನೂರು ವರ್ಷವೂ ತುಂಬದ ಕಟ್ಟೆಯನ್ನು ಜಲ್ಲಿಕಲ್ಲಿನಿಂದ ಕಾಯಲು ಕೋರ್ಟು ಬೇಕು. ಪ್ಲುಟೋನಿಯಂ ಕಾಯಲು ಮಾತ್ರ ಇಲಾಖೆಯ ಮಾತು ಸಾಕು.

ಆ ಕಸ ಎಲ್ಲಿಗೆ? 1902ರಲ್ಲಿ ನಮ್ಮ ಶಿವನಸಮುದ್ರ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿತು. 2012ರ ನವೆಂಬರಿನಲ್ಲಿ ಅದೇ ಗಣಿಗೆ ಕೂಡಂಕುಳಂನ ತ್ಯಾಜ್ಯ ಕಳಿಸುವ ಮಾತು ಸುಪ್ರೀಂ ಕೋರ್ಟಿನಲ್ಲಿ ಬಂತು. ಕೆಜಿಎಫ್ ಜನ ಬೀದಿಗಿಳಿದರು, ಸರ್ಕಾರ ಹಾಗೇನೂ ಇಲ್ಲ ಎಂದಿತು. ಚಿನ್ನ ತೆಗೆದ ಮೇಲೆ ಉಳಿದ ಗುಂಡಿಯನ್ನು ದೇಶ ಹೇಗೆ ನೆನಪಿಟ್ಟುಕೊಳ್ಳುತ್ತದೆ ಎಂಬುದು ಆಗ ಗೊತ್ತಾಯಿತು.

ಇಂಥದ್ದನ್ನೆಲ್ಲ ಮೊದಲೇ ಕೇಳಿದವರು ಶಿವರಾಮ ಕಾರಂತರು. ಕೈಗಾ ವಿರೋಧಿಸಿ 1989ರಲ್ಲಿ ಲೋಕಸಭೆಗೇ ಸ್ಪರ್ಧಿಸಿದರು. ಮತದಾರರು ಅವರನ್ನು ಬೀಳಿಸಿದರು. 1994ರ ಮೇ 13ರಂದು, ಕಟ್ಟುತ್ತಿದ್ದ ಘಟಕದ ಗುಮ್ಮಟದ ಒಳಮೈ ಯಾರ ಮತವನ್ನೂ ಕೇಳದೆ ತಾನೇ ಬಿತ್ತು. ಒಳಗೆ ಇಂಧನ ಇರಲಿಲ್ಲವೆಂಬುದು ನಮ್ಮ ಪುಣ್ಯ. ಪುಣ್ಯವನ್ನು ಸುರಕ್ಷತಾ ವ್ಯವಸ್ಥೆಯ ಪಟ್ಟಿಯಲ್ಲಿ ಸೇರಿಸಲು ಬರುವುದಿಲ್ಲ. ಆದರೆ 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ‘ಶಾಂತಿ’ ಎಂಬ ಹೆಸರಿನ ಅಣುಶಕ್ತಿ ಕಾನೂನು ಖಾಸಗಿಯವರಿಗೆ ಬಾಗಿಲು ತೆರೆದು, ಯಂತ್ರ ಮಾರಿದವರ ಮೇಲೆ 2010ರ ಕಾಯ್ದೆ ಹೊರಿಸಿದ್ದ ಹೊಣೆಯನ್ನು ಕಳಚಿತು. ಅಷ್ಟು ಸುರಕ್ಷಿತ ಯಂತ್ರವಾದರೆ, ಮಾರುವವರು ಹೊಣೆಗೆ ಹೆದರುವುದೇಕೆ?

ನಾಗಮಂಗಲದ ಬೋರ್‌ವೆಲ್ ರೈತರು, ಕೆ.ಆರ್. ಪೇಟೆಯ ಕಬ್ಬಿನ ರೈತರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. ಅವರದು ಒಂದೇ ಪ್ರಶ್ನೆ: ‘ಅಲ್ಲ ಕಣಣ್ಣೋ, ಆ ಅಣು ಕರೆಂಟಾದ್ರೂ ತ್ರೀ ಫೇಸ್ ಹಗಲೊತ್ತು ಬತ್ತದಾ? ರಾತ್ರಿ ಮೋಟ್ರು ಹಾಕಕ್ಕೋದ್ರೆ ಗದ್ದೆ ಬದೀಲಿ ಚಿರತೆ ಕುಂತಿರ್ತದೆ.’ ಹಗಲು ಏಳು ಗಂಟೆ ಪಂಪ್‌ಸೆಟ್ ಓಡಿಸಲು ರಿಯಾಕ್ಟರ್ ಬೇಕಿಲ್ಲ, ಹಗಲಲ್ಲೇ ಸಿಗುವ ಬಿಸಿಲು ಸಾಕು. ರಾತ್ರಿಗೆ ಉಳಿಸಿಕೊಳ್ಳಲು ಬ್ಯಾಟರಿ ಬೇಕು ನಿಜ, ಅದಕ್ಕೆ ಬೇಕಾದ ಲಿಥಿಯಂ ಹುಡುಕಿದ್ದು ಪರಮಾಣು ಇಲಾಖೆಯೇ ಎಂಬುದು ವಿಧಿಯ ತಮಾಷೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಇನ್ನು ಮುಂದೆ ಯಾರಾದರೂ ವೇದಿಕೆ ಹತ್ತಿ ಅಣು ವಿದ್ಯುತ್ತೇ ಭೂಮಿಯನ್ನು ಉಳಿಸುತ್ತದೆ ಎಂದರೆ ಕಲ್ಲು ಎಸೆಯಬೇಡಿ, ಜೈಕಾರವನ್ನೂ ಹಾಕಬೇಡಿ. ಎಷ್ಟು ಮೆಗಾವಾಟ್, ಯಾವ ವರ್ಷಕ್ಕೆ, ಯಾವ ಹೊಳೆಯ ನೀರಿಗೆ, ಕಸ ಯಾರ ಊರಿಗೆ, ಕೆಟ್ಟರೆ ಯಾರ ಜೇಬಿಗೆ ಎಂದು ಬರೆದುಕೊಳ್ಳಿ. ಮೊದಲನೆಯ ಉತ್ತರವನ್ನು ಒಂಬತ್ತರಿಂದ ಭಾಗಿಸಿ. ಉಳಿದ ನಾಲ್ಕಕ್ಕೆ ಉತ್ತರ ಬರುವವರೆಗೆ ಸಹಿ ಹಾಕಬೇಡಿ.