ಬೆತ್ತದ ತಪ್ಪೇನಿಲ್ಲ

"ಹೆಡ್ ಮೇಷ್ಟ್ರೇ, ನನ್ನ ಮಗನ ಕೈ ಮುರಿದಿದೆಯಲ್ಲ?"

"ನೋಡಿ ಗೌಡ್ರೇ, ಬೆತ್ತ ತನ್ನ ಪಾಡಿಗೆ ಮೇಲಿಂದ ಕೆಳಕ್ಕೆ ಬರ್ತಿತ್ತು. ಅಡ್ಡ ಕೈ ಒಡ್ಡಿದ್ದು ನಿಮ್ಮ ಹುಡುಗ."

"ಒಡ್ಡು ಅಂದೋರು ಯಾರು?"

"ಪಿಟಿ ಮೇಷ್ಟ್ರು. ಅವರನ್ನ ಕೇಳಿದ್ರೆ ಶಿಸ್ತು ಸಮಿತಿ ಅಂತಾರೆ. ಸಮಿತಿಯೋರು ಆಡಳಿತ ಮಂಡಳಿ ಕಡೆ ಕೈ ತೋರಿಸ್ತಾರೆ. ಮಂಡಳಿಯೋರು ಅಡ್ಮಿಷನ್ ಫಾರಂನಲ್ಲಿ ನಿಮ್ಮದೇ ಸಹಿ ತೋರಿಸ್ತಾರೆ."

"2009ರ ಶಿಕ್ಷಣ ಹಕ್ಕು ಕಾಯ್ದೆ, 17ನೇ ಸೆಕ್ಷನ್, ಮಕ್ಕಳಿಗೆ ಹೊಡೆಯೋ ಹಾಗಿಲ್ಲ ಅನ್ನುತ್ತಲ್ಲ?"

"ಗೊತ್ತು. ಫ್ರೇಮ್ ಹಾಕ್ಸಿ ಗೋಡೆಗೆ ತೂಗುಹಾಕಿದ್ದೀವಿ. ಬೆತ್ತ ಇಡೋದು ಅದರ ಹಿಂದೇನೇ."

"ಮಾನಸಿಕ ಹಿಂಸೆಯೂ ಕೂಡದಂತೆ."

"ಅದಕ್ಕೇ ಹೇಳೋದು, ಪೊಲೀಸು ಗಿಲೀಸು ಅಂತ ನಮ್ಮ ಮನಸ್ಸು ನೋಯಿಸಬೇಡಿ."

"ಹಾಗಾದ್ರೆ ಆಸ್ಪತ್ರೆ ಖರ್ಚು?"

"ಅದು ನಿಮ್ಮ ಮನೆ ವಿಷಯ. ಅಂದಹಾಗೆ, ಬೆತ್ತವೂ ಮುರೀತು. ಅದರ ದುಡ್ಡು ಫೀಸಿನ ಜೊತೆ ಕಟ್ಟಿಬಿಡಿ."